ಭೋಸರಿ, ಶೆಡ್ ನಂಬರ್ ಹದಿನಾಲ್ಕು

ಶಟರ್ ಅರ್ಧ ಇಳಿಸಿದ್ದೆ. ಬಗ್ಗಿ ಒಳಬಂದಳು ಮೃಣ್ಮಯಿ,
ಹಿಂದೆ ಇಬ್ಬರು ಹುಡುಗರು,
ಕೈಯಲ್ಲಿ ಶ್ರೀಖಂಡದ ಡಬ್ಬಿ.
ಒಳಗೆ ಶ್ರೀಖಂಡವಿಲ್ಲ, ಗ್ರೀಸು.
ಗ್ರೀಸಿನಲ್ಲಿ ಹಲ್ಲುದುರಿದ ಗೇರು.

‘ಕಾಕಾ, ಶನಿವಾರ ರೋಬೋ ಪಂದ್ಯ.
ಮತ್ತೆ ಸ್ಪರ್ ಹಾಕೋಣವೋ, ಪ್ಲಾನೆಟರಿಯೋ?’
ಅವಳು ಕೇಳಿದ್ದು ಮರಾಠಿಯಲ್ಲಿ,
ನಾನು ಯೋಚಿಸಿದ್ದು ಇಂಡಿ ಕಡೆಯ ಕನ್ನಡದಲ್ಲಿ.
ನಡುವೆ ಒಂದು ಕೂದಲೆಳೆ ಸಡಿಲ ಬೇಕು,
ಹಲ್ಲಿಗೂ ಹಲ್ಲಿಗೂ ಬೇಕಾದಂತೆ.
ಇಲ್ಲದಿದ್ದರೆ ಎರಡೂ ಕಾದು ಕಚ್ಚಿಕೊಳ್ಳುತ್ತವೆ.

ಸ್ಪರ್ ಅಂದರೆ ಪಕ್ಕದ ಮನೆಯ ಜಗಳ, ಅಂದೆ.
ಹನ್ನೆರಡು ಹಲ್ಲಿನದು ಅರವತ್ತರದನ್ನು ತಳ್ಳಬೇಕು,
ಭಾರವೆಲ್ಲ ಆ ಗಳಿಗೆಗೆ ಸಿಕ್ಕ ಒಂದೆರಡು ಹಲ್ಲಿಗೆ.
ಕೂಗುತ್ತದೆ ನಿಜ.
ಕೂಗಿದ್ದಕ್ಕೇ ನೋವು ಎಲ್ಲಿ ಅಂತ ತಿಳಿಯುತ್ತದೆ.

ಇನ್ನೊಂದರಲ್ಲಿ ನಡುವೆ ಸೂರ್ಯ, ಹನ್ನೆರಡೇ ಹಲ್ಲು.
ಸುತ್ತ ಮೂರು ಗ್ರಹ, ಹೊರಗೆ ಉಂಗುರ,
ಉಂಗುರದ ನಲವತ್ತೆಂಟು ಹಲ್ಲೂ ಒಳಮುಖ.
ಅದೇ ಐದಕ್ಕೆ ಒಂದು ಸುತ್ತು, ಮುಷ್ಟಿಯಲ್ಲಿ ಹಿಡಿಯುತ್ತದೆ,
ಹೊರೆ ಮೂವರ ಹೆಗಲಿಗೆ.
‘ಒಂಬತ್ತರಲ್ಲಿ ನಾಲ್ಕೇ ಆಯಿತಲ್ಲ ಕಾಕಾ?’
ಕನ್ನಡಕದ ಹುಡುಗ ನಕ್ಕ.
ಶನಿ ಇದ್ದಾನಪ್ಪ, ಕಾಣುವುದಿಲ್ಲ:
ಒಂದು ಹಲ್ಲು ಮುರಿದರೆ ಆ ಚೂರಿಗೆ ಹೊರದಾರಿಯಿಲ್ಲ,
ಮನೆಮನೆ ಹೊಕ್ಕು ಬರುತ್ತದೆ.

ಸ್ಪರ್ ಹಾಕಿದರು.

ಶನಿವಾರ ಆಕುರ್ಡಿಯಲ್ಲಿ, ಕಾಲೇಜಿನ ಮೆಟ್ಟಿಲ ಮೇಲೆ ಕೂತಿದ್ದೆ.
ಎರಡನೇ ಸುತ್ತಿಗೆ ಟಕ್, ಟಕ್,
ತಿರುಗುವಾಗೆಲ್ಲ ಒಂದೇ ಜಾಗದಲ್ಲಿ ಕುಂಟುವ ಸದ್ದು.
ಜನಕ್ಕೆ ಕೇಳಿಸಲಿಲ್ಲ. ನನಗೆ ಕೇಳಿಸಿತು.
ಜೇಬಿನಲ್ಲಿ ಎರಡು ಹೆಚ್ಚಿನ ಪಿನಿಯನ್ ಇದ್ದವು.
ನಾಲ್ಕು ಸ್ಕ್ರೂ, ಆರು ನಿಮಿಷ;
ಮೃಣ್ಮಯಿ ಬಾಯಲ್ಲಿ ಟಾರ್ಚ್ ಕಚ್ಚಿ ಬದಲಿಸಿದಳು.

ಸೆಮಿಫೈನಲ್ಲಿನಲ್ಲಿ ಸೋತರು.
ಸೋಲಿಸಿದ್ದು ಸದ್ದೇ ಮಾಡದ ಒಂದು ಪುಟ್ಟ ಯಂತ್ರ.
ಅದನ್ನು ಕೇಳಿ ಪಡೆದು,
ತೆಂಗಿನಕಾಯಿಯ ಹಾಗೆ ಕಿವಿಗೆ ಹಿಡಿದು ಅಲುಗಿಸಿದಳು,
ನಾನು ದೂರದಿಂದ ನೋಡಿದೆ.

ಸೋಮವಾರ ಬಂದಳು.
‘ಉಂಗುರದ ಒಳಗೆ ಹಲ್ಲು ಕೊಯ್ದುಕೊಡ್ತೀರಾ ಕಾಕಾ?’

ಇಪ್ಪತ್ತೆರಡು ವರ್ಷದಿಂದ ಈ ಹಾಬಿಂಗ್ ಮಷೀನು.
ಇದಕ್ಕೆ ಹೊರಗಿನ ಹಲ್ಲು ಮಾತ್ರ ಗೊತ್ತು.
ಒಳಕ್ಕೆ ಇದರ ಕೈ ಹೋಗದು.
ಅವತ್ತು ರಾತ್ರಿ ಅಷ್ಟೆಲ್ಲ ಹೇಳಿದ್ದು
ನಾನೋ, ಇದೋ?

ಹೇಳಿಬಿಟ್ಟೆ ಅವಳಿಗೆ, ಇದ್ದದ್ದು ಇದ್ದ ಹಾಗೆ.
ಬಯ್ಯಲಿಲ್ಲ. ಸ್ಟೂಲು ಎಳೆದು ಕೂತಳು.
ಕುದಳವಾಡಿಯ ಲೋಣಕರ್ ಹತ್ತಿರ ಗೇರ್ ಶೇಪರ್ ಇದೆ;
ಬಿಲ್ಲಿನ ಹಿಂಬದಿಗೆ ವಿಳಾಸ ಬರೆದುಕೊಟ್ಟೆ.
ಮುಂಬದಿಯಲ್ಲಿ ಏನೂ ಬರೆಯಲಿಲ್ಲ.