ಮೂಗು ಹಿಡಿದ ದೋಣಿ

ಕೆಟರಿಂಗ್‌ನಲ್ಲಿ ಜುಲೈ ಎಂದರೆ ನಡುಚಳಿ.
ಕಟ್ಟಿಹಾಕಿದ ದೋಣಿಗಳ ಹಗ್ಗದ ಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತದೆ,
ಬ್ರೂನಿ ದ್ವೀಪಕ್ಕೆ ಮೊದಲ ಫೆರಿ ಹೊರಟಾಗ
ಅದರ ಅಲೆಗೆ ಎಲ್ಲವೂ ಒಮ್ಮೆ ನರಳಿ ಸುಮ್ಮನಾಗುತ್ತವೆ.

ಮರ್ವಿನ್‌ಗೆ ಕಿವಿ ಮಂದ. ಹಾಗಾಗಿ ಅವನ ಪಾಲಿಗೆ
ಊರೆಲ್ಲ ಕಿವುಡು. ಫೋನಿನಲ್ಲಿ ಅರಚಿದ:
"ಬಂಗೇರಾ, ಮತ್ತೆ ತುಕ್ಕು!
ಮೂರನೇ ಸಲ ಬಣ್ಣ ಹೊಡೆದಾಯ್ತು,
ಸಮುದ್ರ ಒಳಗೆ ಬರ್ತಿದೆ."

ಎಂಜಿನ್ ಕೋಣೆಯ ಹಲಗೆ ಎತ್ತಿ ಟಾರ್ಚ್ ಬಿಟ್ಟೆ.
ತೊಲೆಗಳ ತಳದಲ್ಲಿ ಸಾಲುಸಾಲು ಹನಿ,
ಕಡುಬು ಬೆಂದ ಮೇಲೆ ಮುಚ್ಚಳ ಮಗುಚಿ ನೋಡಿದ ಹಾಗೆ.
ಬ್ಯಾಟರಿ ತುದಿಗಳಲ್ಲಿ ಹಸಿರು ಕಿಲುಬು,
ಆಲ್ಟರ್ನೇಟರ್ ಬೆನ್ನಿಗೆ ಕೆಂಪು ಹುರುಕು.
ಹ್ಯೂಆನ್ ಪೈನ್ ಮರದ ಆ ಸಿಹಿವಾಸನೆ
ಒದ್ದೆ ಗೋಣಿಯ ವಾಸನೆಯಾಗಿತ್ತು.

ಒಂದು ಹನಿಯನ್ನು ಬೆರಳಿಗೆ ತಾಗಿಸಿ ನಾಲಿಗೆಗಿಟ್ಟೆ.
ಉಪ್ಪಿಲ್ಲ.
ಮಲ್ಪೆಯ ಟ್ರಾಲರುಗಳ ಹೊಟ್ಟೆಯಲ್ಲಿ
ಹದಿನಾರು ವರ್ಷ ಬೆವರಿದವನ ನಾಲಿಗೆ, ಸುಳ್ಳು ಹೇಳದು.
"ಸಮುದ್ರ ಅಲ್ಲ ಮರ್ವಿನ್. ಒಳಗಿನದೇ ನೀರು.
ಬೆಚ್ಚಗಿನ ಗಾಳಿ ಹೋಗಲು ದಾರಿ ಕಾಣದೆ
ತಣ್ಣಗಿನ ಕಬ್ಬಿಣಕ್ಕೆ ಒರಗಿ ಅಳುತ್ತಿದೆ."
"ಏನು?"
"ನೀರು! ಒಳಗಿನದು!"
"ಅದನ್ನೇ ನಾನೂ ಹೇಳಿದ್ದು."

ಚಾನೆಲ್ಲಿಗೆ ಹೊರಟೆವು. ಎರಡು ಸಾವಿರ ಸುತ್ತಿಗೇ
ಹಿಂದೆ ಕರಿ ಹೊಗೆ. ಹಲಗೆ ಎತ್ತಲು ಹೋದರೆ
ಯಾರೋ ಒಳಗಿಂದ ಜಗ್ಗಿ ಹಿಡಿದಂತೆ, ಬಾರದು.
ಮೊಣಕಾಲೂರಿ, ಎರಡೂ ಕೈ ಹಾಕಿ ಎಳೆದೆ,
ಉಸ್ ಎಂದು ಗಾಳಿ ಒಳನುಗ್ಗಿತು,
ಎಂಜಿನ್ನಿನ ದನಿ ಅರ್ಧ ಸ್ವರ ಮೇಲೇರಿತು.

ಮೂಗು ಹಿಡಿದರೆ ಬಾಯಿ ತೆರೆಯುತ್ತದೆ ಅನ್ನುತ್ತಾರೆ.
ಈ ದೋಣಿಯ ಬಾಯಿಯನ್ನೂ ಯಾರೋ ಮುಚ್ಚಿದ್ದರು.

ಬಲಬದಿಯ ಕಿಂಡಿ ಸಿಕ್ಕಿತು: ಜಾಲರಿಯ ತೂತೆಲ್ಲ
ಮರ್ವಿನ್‌ನ ಮೂರು ಸಲದ ಬಣ್ಣಕ್ಕೆ ಕಣ್ಣುಮುಚ್ಚಿತ್ತು.
ಎಡಬದಿಯದಕ್ಕೆ ಮೊಣಕೈವರೆಗೆ ಕೈ ತೂರಿಸಿದೆ.
ಏನೋ ಮೆತ್ತಗೆ.
ಸತ್ತ ಬೆಕ್ಕು ಎಂದುಕೊಂಡೆ.
ಎಳೆದಷ್ಟೂ ಬಂತು. ತೋಳು, ಕತ್ತು, ಇನ್ನೊಂದು ತೋಳು,
ಸಾಸಿವೆ ಬಣ್ಣದ ಉಣ್ಣೆ ಸ್ವೆಟರ್, ಹಿಂಡಿದರೆ ಬೋಗುಣಿ ನೀರು.

ಚಹಾ ತಂದ ಐಲೀನ್ ಮೆಟ್ಟಿಲಲ್ಲೇ ನಿಂತಳು.
ಗಂಡನ ಬೆನ್ನು ನೋಡಿದಳು. ಚುಕ್ಕಾಣಿ ಹಿಡಿದು
ಅವನು ಗಾಳಿಯನ್ನು ಬೈಯುತ್ತಿದ್ದ.
"ಲಂಗರು ಹಾಕಿ ಎಂಜಿನ್ ನಿಲ್ಲಿಸಿದ ಕೂಡಲೇ
ಆ ತೂತಿನಿಂದ ಬಿಸಿ ಡೀಸೆಲ್ ಗಾಳಿ
ನೇರ ನನ್ನ ಊಟದ ತಟ್ಟೆಗೆ.
ಇಪ್ಪತ್ತಾರು ಬೇಸಿಗೆಯಾಯಿತು ತುರುಕಿ."
"ಸ್ವೆಟರ್?"
"ಅವನಮ್ಮ ಹೆಣೆದದ್ದು. ಎರಡು ಕಾಟವೂ
ಒಟ್ಟಿಗೆ ತೊಲಗಲಿ ಅಂತ."
ಆಮೇಲೆ, ಸಕ್ಕರೆ ಕದಡುತ್ತಾ,
"ಎರಡು ವರ್ಷ ಹುಡುಕಿದ, ಪಾಪ."

ನಾಲ್ಕು ದಿನದ ಕೆಲಸ. ಹೊಸ ಗಾಳಿ ತಳಕ್ಕಿಳಿಯಲು
ದಪ್ಪ ಕೊಳವೆ, ಬಿಲ್ಜ್ ನೀರು ಮುಟ್ಟದಷ್ಟು ಎತ್ತರದಲ್ಲಿ.
ಬಿಸಿಗಾಳಿ ಮೇಲಿಂದ ಹೋಗಲು ಇನ್ನೊಂದು,
ಹಿಂದಕ್ಕೆ, ಅವಳ ತಟ್ಟೆಯಿಂದ ಬಹುದೂರ.
ತುಂತುರು ಸಿಡಿದರೆ ಹಿಡಿದು ಹೊರಚೆಲ್ಲಲು ಪೆಟ್ಟಿಗೆ.
ಎಂಜಿನ್ ಆರಿಸಿದ ಮೇಲೂ ತುಸು ಹೊತ್ತು ತಿರುಗುವ ಫ್ಯಾನು.
ಚಳಿಗಾಲದ ರಾತ್ರಿಗೆ ಒಂದು ಪುಟ್ಟ ಹೀಟರ್,
ಕಬ್ಬಿಣ ಗಾಳಿಗಿಂತ ತಣ್ಣಗಾಗದಿದ್ದರೆ ಸಾಕು.

"ಏನಾಗಿತ್ತು ಹಾಗಾದರೆ?" ಮರ್ವಿನ್ ಕೇಳಿದ.
"ನಿಮ್ಮ ಬಣ್ಣ," ಎಂದೆ. ಅರ್ಧ ಸತ್ಯ, ಜೋರಾಗಿ.
ಐಲೀನ್ ಕಿಟಕಿಯಾಚೆ ಫೆರಿ ನೋಡುತ್ತಿದ್ದಳು.
ಬಿಲ್ಲಿನಲ್ಲಿ ಬರೆದೆ:
ಹಳೆಯ ಅಡಚಣೆ ತೆಗೆದದ್ದು, ಅರ್ಧ ಗಂಟೆ.

ಸ್ವೆಟರ್ ನನ್ನ ಶೆಡ್ಡಿನಲ್ಲಿದೆ,
ಕಂಪ್ರೆಸರ್ ಮೇಲಿನ ಮೊಳೆಗೆ ತೂಗಿಸಿದ್ದೇನೆ.
ಎಸೆಯಲೂ ಆಗದು, ಕೊಡಲೂ ಆಗದು.
ಹನ್ನೊಂದು ದಿನವಾಯಿತು,
ಕಂಕುಳಲ್ಲಿ ಇನ್ನೂ ಹಸಿ.