ಅತ್ತಾರ ಓಣ್ಯಾಗ ಒಂದು ತಗ್ಗು

ಮೂರು ಮೊಳ ಅಗಲ, ಆಳೆತ್ತರದ ಆಳ,
ಹೊಸ ಪೈಪಿಗಂತ ಅಗದದ್ದು.
ಇಳದು ನಿಂತರ ಓಣಿ ನನ್ನ ಗದ್ದಕ್ಕ ಬರ್ತದ.
ಇಪ್ಪತ್ತೊಂದು ವರ್ಷ ಮ್ಯಾಲಿಂದ ವಾಲ್ವ ತಿರುವಿದವಗ
ಇದರ ಮಗ್ಗಲಾ ಕಂಡದ್ದು ಇವತ್ತ.

ಮ್ಯಾಲ ಕಾಂಕ್ರೀಟು, ಹ್ವಾದ ಚುನಾವಣಿದು,
ಹಸಿ ಇದ್ದಾಗ ಓಡಿದ ನಾಯಿಯ ಹೆಜ್ಜಿ ಇನ್ನೂ ಅಲ್ಲೇ.
ಅದರ ಕೆಳಗ ಡಾಂಬರು, ಡಾಂಬರಿನ ಕೆಳಗ ಡಾಂಬರು
(ಎರಡೂ ಸಲ ಗುತ್ತಿಗಿ ಒಂದೇ ಮನಿತನಕ್ಕ).
ಆಮ್ಯಾಲ ಶಹಾಬಾದ ಪರಸಿ, ಟಾಂಗಾ ಗಾಲಿ ಸವಸಿದ್ದು.
ಪರಸಿ ಎತ್ತಿದರ ಬಳಿಚೂರು, ಹಸರು, ಕೆಂಪು.
ಬಳಿಗಾರರ ಓಣಿ ಅಲ್ಲ ಇದು, ಆದರೂ.

ಪೋಳ ಮಾಸ್ತರು ದಂಡಿಮ್ಯಾಲ ಕುಕ್ಕರಗಾಲಿಲೆ ಕೂತು
ಬೂದಿ ಬಣ್ಣದ ಗೆರಿ ತೋರಿಸಿ ಅಂದ್ರು:
"ಪ್ಲೇಗಿನ ವರ್ಷದ್ದು. ಮಂದಿ ಅಡವ್ಯಾಗ ಗುಡಸಲಾ ಹಾಕಿದ್ರು."
ಇರಬಹುದು. ಯಾರದೋ ಒಲಿದೂ ಇರಬಹುದು.
ಬೂದಿ ತಾರೀಖು ಹೇಳೂದಿಲ್ಲ.

ಬೀಡಿನ ಪೈಪು ನಾ ಬಲ್ಲೆ.
ನಾ ಬಿಟ್ಟ ನೀರಿನ್ಯಾಗ ಅರ್ಧಾ ಕುಡದದ್ದು ಅದ.

ಅದರ ಕೆಳಗ, ಗಾರಿಯೊಳಗ ಹುಗದ
ಬಾದಶಾಹಿ ಕಾಲದ ಮಣ್ಣಿನ ಕೊಳವಿ.
ಒಂದರ ಬಾಯಾಗ ಒಂದು,
ಕೂಸಿಗೆ ತುತ್ತು ಇಟ್ಟಂಗ.

ಅತ್ತಾರ ಓಣ್ಯಾಗ ಅತ್ತರ ಮಾರವ್ರು ಯಾರೂ ಇಲ್ಲ.
ಬೋರ್ಡಿನ ಮ್ಯಾಲಿನ ಹೆಸರು ಎರಡು ಸಲ ಬದಲಾತು.
ಟಪಾಲಿನವ ಮಾತ್ರ ಹಳೇ ಹೆಸರು ಹಿಡದೇ ಬರ್ತಾನ.

ಫೋನಿನ್ಯಾಗ ಸಾಹೇಬರು:
"ಪುರಾತತ್ವದವ್ರು ಬಂದ್ರ ಆರು ತಿಂಗಳ ಕೆಲಸ ನಿಲ್ತದ.
ಸಂಜಿಯೊಳಗ ಮುಚ್ಚು."

ಗುರಸಂಗವ್ವ ಒಳಗಿಂದ ತುಂಬಿದ ಕೊಡ ತಂದ್ಳು.
"ಮುಚ್ಚೂಕಿಂತ ಮೊದಲ ಒಂದ್ಸಲ ಕೇಳಿನರ ನೋಡೂನು."
ಕೊಳವಿ ಬಾಯಿಗೆ ಹಚ್ಚಿ ಸುರುವಿದೆ.
ಗುಳುಗುಳು ಅಂತು,
ನಿದ್ದಿಯೊಳಗ ಯಾರೋ ಹೂಂಗುಟ್ಟಿದಂಗ.

ತಾಜಬಾವಡಿಗೆ ಹೋಗ್ತದ ಅಂದ ಲಾಡ್ಲೇಸಾಬ.
ಕಿಲ್ಲೇದ ಕಂದಕಕ್ಕ ಅಂದ್ರು ಮಾಸ್ತರು.
ಇಬ್ಬರದೂ ಜಗಳಾತು, ಚಾ ಆತು.
ಜೈಬುನ್ನಬಿಯ ಮೊಮ್ಮಗ ಓಣಿ ತುದಿತನಕ ಓಡಿ
ಗಟಾರಕ್ಕೆಲ್ಲ ಕಿವಿ ಕೊಟ್ಟು ಬಂದ.
ಎಲ್ಲೂ ಹೊಂಡಲಿಲ್ಲ ನೀರು.
ವಾಪಸ್ಸೂ ಬರಲಿಲ್ಲ.

ಸಂಜಿಗೆ ಮಣ್ಣು ಎಳದ್ವಿ.
ಮೊದಲ ಬೂದಿ ಬಿತ್ತೋ, ಬಳಿ ಬಿದ್ವೋ,
ಮ್ಯಾಲಿಂದು ಕೆಳಗ, ಕೆಳಗಿಂದು ಮ್ಯಾಲ,
ಮುಂದ ಅಗದವರಿಗೆ ಲೆಕ್ಕ ಹತ್ತೂದಿಲ್ಲ.

ರಾತ್ರಿ ರಜಿಸ್ಟರು ತಗದೆ.
ಅತ್ತಾರ ಓಣಿ, ಆರರಿಂದ ಏಳೂವರಿ.
ಸೋರಿಕಿ ಕಾಲಮ್ಮಿನ್ಯಾಗ ಒಂದು ಕೊಡ ಬರಿಯೂಣಂದೆ.
ಪೆನ್ನು ಹಿಡದು ಕೂತೆ.
ಸೋರಿದ್ದಲ್ಲ ಅದು.
ಖಾಲಿ ಬಿಟ್ಟು ಸಹಿ ಹಾಕಿದೆ.