ಹತ್ತೊಂಬತ್ತು ಸೆಕೆಂಡು

ಮೊಂಟೆವಿಡಿಯೊ ಬಂದರಿನ ಹಿಂದಿನ ಬೀದಿ, ಮೂರನೆಯ ಮಹಡಿ,
ಗೋಡೆಗೆಲ್ಲ ಮೊಟ್ಟೆಯ ತಟ್ಟೆ ಅಂಟಿಸಿದ ಕೋಣೆ.
ಇಲ್ಲಿ ಕೂತು ನಾನು ಮಾತು ಕತ್ತರಿಸುತ್ತೇನೆ.
ಇಪ್ಪತ್ತಾರು ವರ್ಷದಿಂದ ಇದೇ ಕೆಲಸ, ಇದೇ ಕುಂಟು ಕುರ್ಚಿ.

ಬುಧವಾರ ಬುಧವಾರ ಪುಸ್ತಕ ಬರೆದವರು ಬರುತ್ತಾರೆ.
ಹಾವುಮೀನಿನ ವಲಸೆಯ ಬಗ್ಗೆ ಬರೆದವನು
ಒಂದು ಗುಟುಕು ನೀರೂ ಮುಟ್ಟದೆ
ಒಣಗಂಟಲಲ್ಲೇ ಸಮುದ್ರ ದಾಟಿಸಿದ.
ದೀಪವಿಲ್ಲದ ಕಾಲದ ರಾತ್ರಿಗಳ ಚರಿತ್ರೆ ಬರೆದವಳು
ಈ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಆರಿಸಿ ಅಂದಳು.
ಕತ್ತಲಲ್ಲಿ ಪ್ರಶ್ನೆಯ ಚೀಟಿ ಓದಲಾರದೆ ನಮ್ಮ ನಿಲ್ಡಾ
ಅಂದು ಮೊದಲ ಸಲ
ತನಗೇ ತಿಳಿಯಬೇಕಿದ್ದುದನ್ನು ಕೇಳಿದಳು.

ಅವರು ಎಪ್ಪತ್ತು ನಿಮಿಷ ಆಡುತ್ತಾರೆ.
ನನಗೆ ಬೇಕಾದ್ದು ಇಪ್ಪತ್ತೆಂಟು.
ಮಿಕ್ಕದ್ದು ದರ್ಜಿಯ ಅಂಗಡಿಯ ನೆಲ:
‘ಅಂದರೆ’ಗಳು, ಕೆಮ್ಮು, ನುಂಗಿದ ಉಗುಳು,
ಮಾತೆ ಕಷಾಯದ ಬುರುಡೆಯಲ್ಲಿ ನೀರು ಮುಗಿದಾಗಿನ ಗೊರಗೊರ.

ಜೂನ್ ತಿಂಗಳ ಕೊರೆವ ಚಳಿಯಲ್ಲಿ ಬಂದರು ಎಡೆಲ್ಮಾ ಬೆಂಟಾಂಕೋರ್.
ಎಂಬತ್ತೊಂದು ವಯಸ್ಸು. ಅಳತೆಗಳ ಬಗ್ಗೆ ಪುಸ್ತಕ:
ಹಡಗಿಳಿದು ಬಂದ ಮೀಟರು
ಊರ ಮೊಳವನ್ನು ಹೇಗೆ ನುಂಗಿತು ಎಂದು.

ಮೊಳ ಅಂದರೆ ಯಾರ ಕೈ? ನಿಲ್ಡಾ ಕೇಳಿದಳು.
ಅಂಗಡಿಯವನದು. ಅದಕ್ಕೇ ನಮ್ಮಜ್ಜಿ
ಹತ್ತಿರದ ಅಂಗಡಿ ಬಿಟ್ಟು, ಅರ್ಧ ಊರು ನಡೆದು,
ನೀಳ ತೋಳಿನವನ ಹತ್ತಿರವೇ ಬಟ್ಟೆ ಕೊಳ್ಳುತ್ತಿದ್ದಳು.
ಗೇಣಿಗೆ ಬೆರಳು ಕಡಿಮೆಯಾದರೆ ಜಗಳವಾಡುತ್ತಿದ್ದಳು.
ಎಲ್ಲೋ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಕಂಬಿಯ ಜೊತೆ
ಹೇಗಪ್ಪಾ ಜಗಳವಾಡುವುದು?

ನಗು. ಅದನ್ನು ಇಟ್ಟುಕೊಂಡೆ.

ಹಾಗಾದರೆ ಮೀಟರಿನಿಂದ ನಷ್ಟವೇ ಆಯಿತೆ?
ಇಲ್ಲ, ಅಂದರು ಥಟ್ಟನೆ. ಅಮ್ಮ ಉಣ್ಣೆ ಗೋದಾಮಿನ ಕೂಲಿ.
ತೂಕಕ್ಕೆ ತಕ್ಕ ಸಂಬಳ, ತಕ್ಕಡಿಯ ಮೇಲೆ ಮೇಸ್ತ್ರಿಯ ಹೆಬ್ಬೆರಳು.
ಮುದ್ರೆಯೊತ್ತಿದ ಕಿಲೋಗಲ್ಲು ಬಂದ ವಾರ
ಮನೆಗೆ ಮೊದಲ ಸಲ ಎರಡು ಸೇರು ಸಕ್ಕರೆ ಬಂತು.
ಸೇರು ಅಂದೆನೇ? ನೋಡಿ, ಬಾಯಿಗಿನ್ನೂ ಕಿಲೋ ಬಂದಿಲ್ಲ.

ಆಗ ನಿಲ್ಡಾ, ಮೆಲ್ಲಗೆ:
ನಿಮ್ಮ ಪುಸ್ತಕ ಅಜ್ಜಿಯ ಪರವೋ, ಅಮ್ಮನ ಪರವೋ?

ಹತ್ತೊಂಬತ್ತು ಸೆಕೆಂಡು.
ಫ್ಯಾನಿನ ಕಿರುಗುಟ್ಟು. ಮೇಜಿನ ಅಂಚಿಗೆ ಎರಡು ಸಲ ತಾಗಿದ ಉಂಗುರ.
ಆಮೇಲೆ, ಬೇರೆ ಯಾರದೋ ಎನ್ನುವಂಥ ದನಿಯಲ್ಲಿ:
ಅಮ್ಮನ ಪರ.

ನಾಲ್ಕು ಸೆಕೆಂಡು ಮೀರಿ ರೇಡಿಯೊ ಸುಮ್ಮನಿದ್ದರೆ
ಜನ ಅದರ ತಲೆಗೆ ತಟ್ಟುತ್ತಾರೆ.
ಕತ್ತರಿಸಿದೆ. ಹೊಲಿಗೆ ಕಾಣಲೇ ಇಲ್ಲ.
ನನ್ನ ಕೈ ಒಳ್ಳೆಯದು, ಎಲ್ಲರೂ ಹೇಳುತ್ತಾರೆ.

ಸೋಮವಾರ ಫೋನು.
ಕತ್ತರಿ ಹಿಡಿದವನು ನೀನೇ ಏನಪ್ಪಾ?
ನನ್ನಜ್ಜಿಯನ್ನು ನಾನು
ಕೇಳಿದ ಬೆಲೆಗೆ, ಚೌಕಾಸಿಯೂ ಇಲ್ಲದೆ
ಮಾರಿದ ಹಾಗೆ ಮಾಡಿಬಿಟ್ಟೆ.
ನನ್ನದು ನನಗೆ ವಾಪಸು ಕೊಡು.

ಕಸದಿಂದ ಹೆಕ್ಕಿ, ಬೇರೆ ತಟ್ಟೆಗೆ ಹಾಕಿ, ಅಂಚೆಯಲ್ಲಿ ಕಳಿಸಿದೆ.
ಲಕೋಟೆಯ ಮೇಲೆ ಬರೆದೆ: ಹತ್ತೊಂಬತ್ತು ಸೆಕೆಂಡು, ಪೂರ್ತಿ ಇದೆ.

ವಾರ ಬಿಟ್ಟು ಒಂದು ಕಾರ್ಡು, ನಡುಗುವ ಅಕ್ಷರ:
ತಲುಪಿತು. ಅಳೆದು ನೋಡಿದೆ.
ಐದೂವರೆ ಉಸಿರು.
ಯಾರ ಉಸಿರು ಎಂದು ಕೇಳುವಷ್ಟು ಈಗ ಕಲಿತಿರಬೇಕು ನೀನು.

ಮುಂದಿನ ಬುಧವಾರ ಕಲ್ಲುಹೂವಿನ ಬಗ್ಗೆ ಬರೆದ ಹುಡುಗ ಬಂದ.
ವರ್ಷಕ್ಕೆ ಕೂದಲೆಳೆಯಷ್ಟು ಬೆಳೆಯುತ್ತದಂತೆ ಅದು.
ಅದಕ್ಕೆ ಗೊತ್ತೇ, ತಾನು ಬದುಕಿದ್ದೇನೆಂದು?
ಅವನು ನಿಂತ. ಪರದೆಯ ಮೇಲೆ ಗೆರೆ ಮಲಗಿತು.
ಬೆರಳು ಗುಂಡಿಯ ಮೇಲಿಟ್ಟು ಒಂದು ಉಸಿರೆಳೆದೆ.
ನನ್ನದು ಗಿಡ್ಡ, ಸಿಗರೇಟಿನದು; ಇನ್ನೊಂದು ಎಳೆದೆ,
ಇನ್ನೊಂದು.
ಹಾಗೇ ಬಿಟ್ಟೆ.

ಪ್ರಸಾರದ ರಾತ್ರಿ ಮೂವರು ಫೋನು ಮಾಡಿ
ರೇಡಿಯೊ ಕೆಟ್ಟಿದೆ ಅಂದರು.
ನಾಲ್ಕನೆಯವರು ಏನೂ ಅನ್ನಲಿಲ್ಲ.
ಆ ಕಡೆ ಉಂಗುರ ಯಾವುದಕ್ಕೋ ತಾಗಿದ್ದು ಮಾತ್ರ ಕೇಳಿಸಿತು.